ಯಂತ್ರದಿಂದ ಯಂತ್ರಕ್ಕೆ

ಬಹುಕಾಲ ಒಂದೇ ಮನೆಯಲ್ಲಿ ಬಾಳಿದ ಕುಟುಂಬವು ಬೇರೊಂದು ಮನೆಗೆ ಹೊರಟಾಗ ಒಂದು ಸಂಗತಿ ಬೆಳಕಿಗೆ ಬರುತ್ತದೆ. ಪಾತ್ರೆ ಪಡಗ, ಹಾಸಿಗೆ, ಪೆಟ್ಟಿಗೆಗಳನ್ನು ಗಾಡಿಗೆ ಏರಿಸಬಹುದು. ಆದರೆ ನೆಲದಲ್ಲಿ ಹೂಳಿದ ಒರಳುಕಲ್ಲು, ಗೋಡೆಯಲ್ಲಿ ಬಿಟ್ಟ ಗೂಡು, ಹಿತ್ತಲಿನ ಬಾವಿ ಇವು ಆ ಮನೆಗೇ ಸೇರಿದವು. ಅದುವರೆಗೆ ಎಲ್ಲವೂ ಒಂದೇ ಸಂಸಾರದ ಅಂಗಗಳಾಗಿ ತೋರಿದ್ದವು. ಯಾವುದು ನಮ್ಮೊಡನೆ ಬರತಕ್ಕದ್ದು, ಯಾವುದು ಮನೆಗೆ ಅಂಟಿಕೊಂಡದ್ದು ಎಂಬ ವಿವೇಚನೆ ಹೊರಡುವ ದಿನದವರೆಗೆ ಹುಟ್ಟಿರಲಿಲ್ಲ. ಗಣಕಯಂತ್ರಗಳ ಲೋಕದಲ್ಲಿಯೂ ಇಂಥ ಸ್ಥಳಾಂತರಗಳು ನಡೆಯುತ್ತವೆ. ಅಲ್ಲಿ ಮನೆ ಬದಲಿಸುವವರು ಮನುಷ್ಯರಲ್ಲ. ಮನುಷ್ಯರು ಬರೆದ ತಂತ್ರಾಂಶ. ಲಿನಕ್ಸ್ ಎಂಬ ಪ್ರಸಿದ್ಧ ತಂತ್ರಾಂಶವು ತಾನು ಹುಟ್ಟಿದ ಯಂತ್ರವನ್ನು ಬಿಟ್ಟು ಬೇರೆ ಯಂತ್ರಗಳಿಗೆ ಹೋದ ಬಗೆ ಹೇಗೆ, ಅದರಿಂದ ಆದ ಪ್ರಯೋಜನವೇನು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಮೊದಲು ಕೆಲವು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಗಣಕಯಂತ್ರದಲ್ಲಿ ಲೆಕ್ಕ ಮಾಡುವ, ಹೋಲಿಸುವ, ನಿರ್ಣಯಿಸುವ ಭಾಗಕ್ಕೆ ಸಂಸ್ಕಾರಕ ಅಥವಾ ಪ್ರೊಸೆಸರ್ ಎಂದು ಹೆಸರು. ಸಿಲಿಕಾನಿನ ಪುಟ್ಟ ಬಿಲ್ಲೆಯ ಮೇಲೆ ರಚಿತವಾದ ಇದು ಕೆಲವೇ ಬಗೆಯ ಚಿಕ್ಕ ಆಜ್ಞೆಗಳನ್ನು ಬಲ್ಲದು. 'ಈ ಎರಡು ಸಂಖ್ಯೆಗಳನ್ನು ಕೂಡು', 'ಇಲ್ಲಿರುವುದನ್ನು ಅಲ್ಲಿಗೆ ಸಾಗಿಸು', 'ಫಲ ಸೊನ್ನೆಯಾದರೆ ಮುಂದಿನ ಹೆಜ್ಜೆಯನ್ನು ಬಿಟ್ಟು ನಡೆ' ಎಂಬಂಥವು ಆ ಆಜ್ಞೆಗಳು. ಅವುಗಳನ್ನು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಸಾಲುಗಳಾಗಿ ಕೊಡಬೇಕು. ಎಲ್ಲ ಸಂಸ್ಕಾರಕಗಳೂ ಒಂದೇ ಬಗೆಯ ಆಜ್ಞೆಗಳನ್ನು ತಿಳಿಯುವುದಿಲ್ಲ. ಒಂದರಲ್ಲಿ 'ಕೂಡು' ಎಂಬ ಅರ್ಥ ಕೊಡುವ ಅಂಕಿಗಳ ಸಾಲು ಮತ್ತೊಂದರಲ್ಲಿ ಬೇರೆಯೇ ಅರ್ಥವನ್ನು ಕೊಡಬಹುದು, ಅರ್ಥಹೀನವೂ ಆಗಬಹುದು. ಒಂದು ಸಂಸ್ಕಾರಕವು ತಿಳಿಯುವ ಆಜ್ಞೆಗಳು, ಅದರ ಅಳತೆಗಳು, ಅದರ ನಡೆನುಡಿಗಳು ಇವೆಲ್ಲ ಸೇರಿ ಅದರ ವಿನ್ಯಾಸವೆನಿಸುತ್ತವೆ.

ಬರಿಯ ಸಂಸ್ಕಾರಕದಿಂದ ನಮಗೆ ಉಪಯೋಗವಿಲ್ಲ. ಕೀಲಿಮಣೆ, ಪರದೆ, ನೆನಪಿನ ಕೋಶ, ಮಾಹಿತಿ ಕಾಪಿಡುವ ತಟ್ಟೆ ಇವುಗಳನ್ನೆಲ್ಲ ಹೊಂದಿಸಿಕೊಂಡು, ಹಲವು ಕೆಲಸಗಳಿಗೆ ಸರದಿಯ ಮೇಲೆ ಸಮಯವನ್ನೂ ಸ್ಥಳವನ್ನೂ ಹಂಚುವ ಒಬ್ಬ ಮೇಲ್ವಿಚಾರಕ ಬೇಕು. ಆ ಮೇಲ್ವಿಚಾರಣೆ ಮಾಡುವ ತಂತ್ರಾಂಶವೇ ಕಾರ್ಯನಿರ್ವಹಣ ವ್ಯವಸ್ಥೆ. ಇದನ್ನು ಆಪರೇಟಿಂಗ್ ಸಿಸ್ಟಂ ಎಂದೂ ಕರೆಯುವುದುಂಟು. ಅದರ ತಿರುಳಾದ ಭಾಗಕ್ಕೆ ಕರ್ನೆಲ್ ಎಂದು ಹೆಸರು. ಉಳಿದ ತಂತ್ರಾಂಶಗಳು ಕರ್ನೆಲ್‌ನೊಡನೆ ಮಾತನಾಡುತ್ತವೆ. ಕರ್ನೆಲ್ ಯಂತ್ರದೊಡನೆ ನೇರವಾಗಿ ಮಾತನಾಡುತ್ತದೆ. ಆದಕಾರಣ ಯಂತ್ರದ ಸ್ವಭಾವವು ಹೆಚ್ಚಾಗಿ ಅಂಟಿಕೊಳ್ಳುವುದೂ ಕರ್ನೆಲ್‌ಗೇ. ಅದನ್ನು ಬೇರೆ ವಿನ್ಯಾಸದ ಸಂಸ್ಕಾರಕಕ್ಕೆ ಒಯ್ಯುವುದು ಕಷ್ಟವಾಗುವುದು ಈ ಕಾರಣದಿಂದಲೇ.

1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಲೈನಸ್ ಟೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯಿದ್ದರು. ಆ ವರ್ಷದ ಆರಂಭದಲ್ಲಿ ಅವರು ಇಂಟೆಲ್ ಸಂಸ್ಥೆಯ 386 ಸಂಸ್ಕಾರಕವುಳ್ಳ ಗಣಕಯಂತ್ರವೊಂದನ್ನು ಕೊಂಡಿದ್ದರು. ಆ ಸಂಸ್ಕಾರಕದ ಒಳಗುಟ್ಟುಗಳನ್ನು ಅರಿಯುವ ಹಂಬಲದಿಂದ ಅವರು ಬರೆಯತೊಡಗಿದ ಚಿಕ್ಕ ತಂತ್ರಾಂಶವೇ ಬೆಳೆದು ಲಿನಕ್ಸ್ ಎಂಬ ಕರ್ನೆಲ್ ಆಯಿತು. ಆಗಸ್ಟ್ ತಿಂಗಳಲ್ಲಿ ಅವರು ತಮ್ಮ ಪ್ರಯತ್ನವನ್ನು ಇತರರಿಗೆ ತಿಳಿಸಿದಾಗ, ಇದು ಬೇರೆ ಯಂತ್ರಕ್ಕೆ ಒಯ್ಯುವಂಥದಲ್ಲ ಎಂದು ತಾವಾಗಿಯೇ ಹೇಳಿಕೊಂಡಿದ್ದರು. ಅದು ನಿಜವೂ ಆಗಿತ್ತು. ಒಂದು ಕೆಲಸವನ್ನು ನಿಲ್ಲಿಸಿ ಇನ್ನೊಂದನ್ನು ಎತ್ತಿಕೊಳ್ಳಲು 386 ಸಂಸ್ಕಾರಕದಲ್ಲಿಯೇ ವಿಶೇಷ ಏರ್ಪಾಡೊಂದಿತ್ತು. ಟೋರ್ವಾಲ್ಡ್ಸ್ ಅದನ್ನು ನೇರವಾಗಿ ಬಳಸಿಕೊಂಡಿದ್ದರು. ಅದು ನೆಲದಲ್ಲಿ ಹೂಳಿದ ಒರಳಿನಂತೆ. ಆ ಮನೆಯಲ್ಲಿ ಬಹಳ ಅನುಕೂಲ, ಆದರೆ ಕಿತ್ತು ಒಯ್ಯುವಂತಿಲ್ಲ.

ಈ ಕೊರತೆಯನ್ನು ಬಲ್ಲವರು ಕಂಡು ಹೇಳದೆ ಇರಲಿಲ್ಲ. ಆಮ್ಸ್‌ಟರ್ಡಾಮಿನ ಪ್ರಾಧ್ಯಾಪಕರಾದ ಆಂಡ್ರ್ಯೂ ಟೆನೆನ್‌ಬಾಮ್ 1992ರ ಜನವರಿಯಲ್ಲಿ ಲಿನಕ್ಸನ್ನು ಬಹಿರಂಗವಾಗಿಯೇ ಟೀಕಿಸಿದರು. ಅವರ ಆಕ್ಷೇಪಣೆಗಳಲ್ಲಿ ಒಂದು, ಹೊಸ ಕಾರ್ಯನಿರ್ವಹಣ ವ್ಯವಸ್ಥೆಯನ್ನು ಒಂದೇ ಸಂಸ್ಕಾರಕಕ್ಕೆ ಕಟ್ಟಿಹಾಕುವುದು ಮೂಲತಃ ತಪ್ಪು ಎಂಬುದು. ಸಂಸ್ಕಾರಕಗಳು ಕೆಲವು ವರ್ಷಗಳಲ್ಲಿ ಹಳತಾಗಿ ಮೂಲೆ ಸೇರುತ್ತವೆ. ಯಂತ್ರಕ್ಕೆ ಅಂಟಿಕೊಂಡ ತಂತ್ರಾಂಶವೂ ಅದರೊಡನೆಯೇ ಅಳಿಯಬೇಕಾಗುತ್ತದೆ. ಹೀಗೆ ಅನೇಕ ಜಾಣರ ಅನೇಕ ವರ್ಷಗಳ ದುಡಿಮೆ ಯಂತ್ರಗಳೊಡನೆ ಸಮಾಧಿಯಾದ ನಿದರ್ಶನಗಳು ಇದ್ದವು. ಲಿನಕ್ಸಿನ ಮುಂದೆ ಇದ್ದುದೂ ಇದೇ ಅಳಿವು ಉಳಿವಿನ ಪ್ರಶ್ನೆ.

ಇದಕ್ಕೆ ಪರಿಹಾರದ ದಾರಿಯನ್ನು ಹಿಂದಿನವರು ತೋರಿಸಿಕೊಟ್ಟಿದ್ದರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ರಚಿಸಿದ್ದರು. ಮೊದಲು ಯಂತ್ರದ ನುಡಿಗೆ ಅತಿ ಸಮೀಪವಾದ ಭಾಷೆಯಲ್ಲಿದ್ದ ಅದನ್ನು 1973ರಲ್ಲಿ 'ಸಿ' ಎಂಬ ಭಾಷೆಗೆ ತಿರುಗಿಸಿ ಬರೆದರು. 'ಸಿ' ಯಾವ ಒಂದು ಸಂಸ್ಕಾರಕದ ಸೊತ್ತೂ ಅಲ್ಲ. ಅದರಲ್ಲಿ ಬರೆದ ಮೂಲಪಾಠವನ್ನು ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶವು ಬೇಕಾದ ಸಂಸ್ಕಾರಕದ ಆಜ್ಞೆಗಳಾಗಿ ಮಾರ್ಪಡಿಸಿಕೊಡುತ್ತದೆ. ಇದರ ಬಲದಿಂದ 1977ರ ಸುಮಾರಿಗೆ ಯುನಿಕ್ಸ್ ಬೇರೆ ವಿನ್ಯಾಸದ ಯಂತ್ರಗಳಿಗೆ ಹೋಯಿತು. ಆಸ್ಟ್ರೇಲಿಯದ ವೊಲೊಂಗಾಂಗ್ ವಿಶ್ವವಿದ್ಯಾನಿಲಯದಲ್ಲಿ ರಿಚರ್ಡ್ ಮಿಲ್ಲರ್ ಅವರೂ, ಬೆಲ್ ಪ್ರಯೋಗಾಲಯದಲ್ಲಿ ಸ್ಟೀವ್ ಜಾನ್ಸನ್ ಮತ್ತು ಡೆನಿಸ್ ರಿಚಿ ಅವರೂ ಪ್ರತ್ಯೇಕವಾಗಿ ಈ ಕಾರ್ಯವನ್ನು ಸಾಧಿಸಿದರು.

ಲಿನಕ್ಸಿನ ಬಹುಭಾಗವೂ 'ಸಿ' ಭಾಷೆಯಲ್ಲಿಯೇ ಇದ್ದಿತು. ಹಾಗಾದರೆ ಕಂಪೈಲರಿಗೆ ಒಪ್ಪಿಸಿದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಸಾಲದು. ಭಾಷೆ ಬದಲಾದರೂ ಬರೆಯುವವನ ಮನಸ್ಸಿನಲ್ಲಿ ಒಂದೇ ಯಂತ್ರದ ಚಿತ್ರ ನೆಲೆಸಿದ್ದರೆ, ಅದು ಅವನಿಗೆ ಅರಿವಿಲ್ಲದಂತೆಯೇ ಬರಹದೊಳಕ್ಕೆ ಇಳಿಯುತ್ತದೆ. ಇದು ಬಯಲಾದದ್ದು ಲಿನಕ್ಸ್ ಎರಡನೆಯ ಮನೆಗೆ ಹೊರಟಾಗ.

1994ರಲ್ಲಿ ಟೋರ್ವಾಲ್ಡ್ಸ್ ಉಪನ್ಯಾಸಕ್ಕಾಗಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರಕ್ಕೆ ಹೋದರು. ಅಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಸಂಸ್ಥೆಯ ಜಾನ್ ಹಾಲ್ ಅವರ ಪರಿಚಯವಾಯಿತು. ಲಿನಕ್ಸಿನ ಮಹತ್ವವನ್ನು ಕಂಡ ಹಾಲ್, ತಮ್ಮ ಸಂಸ್ಥೆಯನ್ನು ಒಪ್ಪಿಸಿ, ಆಲ್ಫಾ ಎಂಬ ಸಂಸ್ಕಾರಕವುಳ್ಳ ಯಂತ್ರವೊಂದು ಟೋರ್ವಾಲ್ಡ್ಸ್ ಅವರ ಕೈಸೇರುವಂತೆ ಮಾಡಿದರು. 1992ರಲ್ಲಿ ಹೊರಬಂದಿದ್ದ ಆಲ್ಫಾ ಆ ಕಾಲದ ಅತಿವೇಗದ ಸಂಸ್ಕಾರಕಗಳಲ್ಲಿ ಒಂದು. ಅದರ ಸ್ವಭಾವವು 386ರ ಸ್ವಭಾವಕ್ಕಿಂತ ತೀರ ಬೇರೆ.

ಮೊದಲನೆಯ ವ್ಯತ್ಯಾಸ ಅಗಲದ್ದು. 386 ಸಂಸ್ಕಾರಕವು ಒಮ್ಮೆಗೆ 32 ಅಂಕಿಗಳ ಸಂಖ್ಯೆಯನ್ನು ನಿರ್ವಹಿಸುತ್ತಿತ್ತು. ಆಲ್ಫಾ 64 ಅಂಕಿಗಳದನ್ನು. ಗಣಕಯಂತ್ರದ ಇಂಥ ಒಂದೊಂದು ಅಂಕಿಗೂ ಬಿಟ್ ಎಂದು ಹೆಸರು. ನೆನಪಿನ ಕೋಶದಲ್ಲಿ ಪ್ರತಿಯೊಂದು ಸ್ಥಳಕ್ಕೂ ಒಂದು ಸಂಖ್ಯೆಯೇ ವಿಳಾಸ. ಖಾತೆಪುಸ್ತಕದಲ್ಲಿ ನಾಲ್ಕು ಅಂಕಿಗಳಿಗಾಗಿ ಗೆರೆ ಎಳೆದ ಅಂಕಣದಲ್ಲಿ ಎಂಟು ಅಂಕಿಗಳ ಮೊತ್ತವನ್ನು ತುಂಬಲು ಹೋದರೆ ಅರ್ಧ ಅಂಕಿಗಳು ಕಳೆದುಹೋಗುತ್ತವೆ. ಹಾಗೆಯೇ, 32 ಬಿಟ್ಟುಗಳ ಜಾಗದಲ್ಲಿ ವಿಳಾಸವನ್ನು ಬರೆದಿಡುವ ಅಭ್ಯಾಸವು 386ರಲ್ಲಿ ನಿರಪಾಯವಾಗಿದ್ದರೂ, ಆಲ್ಫಾದಲ್ಲಿ ವಿಳಾಸದ ಅರ್ಧವನ್ನೇ ಕತ್ತರಿಸಿಬಿಡುತ್ತಿತ್ತು.

ಎರಡನೆಯದು ಅಳತೆಯ ವ್ಯತ್ಯಾಸ. ಕರ್ನೆಲ್ ನೆನಪಿನ ಕೋಶವನ್ನು ಪುಟಗಳಾಗಿ ವಿಂಗಡಿಸಿ ಹಂಚುತ್ತದೆ. 386ರಲ್ಲಿ ಒಂದು ಪುಟಕ್ಕೆ 4,096 ಬೈಟ್‌ಗಳು, ಆಲ್ಫಾದಲ್ಲಿ 8,192. ಹಿಂದೆ ನಮ್ಮ ನಾಡಿನಲ್ಲಿ ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಯ ಕೊಳಗಕ್ಕೆ ಸಮನಾಗಿರುತ್ತಿರಲಿಲ್ಲ. ಕೊಳಗವೆಂದರೆ ಎಲ್ಲೆಲ್ಲಿಯೂ ಇಷ್ಟೇ ಎಂದು ನಂಬಿ ವ್ಯವಹಾರಕ್ಕೆ ಇಳಿದವನು ಪರಸ್ಥಳದಲ್ಲಿ ಮೋಸಹೋಗುತ್ತಿದ್ದ. ಪುಟವೆಂದರೆ 4,096 ಎಂದು ಅಲ್ಲಲ್ಲಿ ನೇರವಾಗಿ ಅಂಕಿಯನ್ನೇ ಬರೆದ ತಂತ್ರಾಂಶದ ಪಾಡೂ ಅಷ್ಟೇ. ಅಂಕಿಯ ಬದಲು 'ಪುಟದಳತೆ' ಎಂಬ ಒಂದು ಹೆಸರನ್ನು ಬರೆದು, ಆ ಹೆಸರಿನ ಬೆಲೆಯನ್ನು ಪ್ರತಿ ಯಂತ್ರಕ್ಕೂ ಒಂದೇ ಕಡೆ ನಮೂದಿಸಿದರೆ ತೊಡಕು ತೀರುತ್ತದೆ.

ಮೂರನೆಯದು ಶಿಸ್ತಿನ ವ್ಯತ್ಯಾಸ. ಎಂಟು ಬೈಟ್‌ಗಳ ಸಂಖ್ಯೆಯು ಎಂಟರಿಂದ ನಿಶ್ಶೇಷವಾಗಿ ಭಾಗವಾಗುವ ವಿಳಾಸದಲ್ಲಿಯೇ ಆರಂಭವಾಗಬೇಕೆಂಬುದು ಆಲ್ಫಾದ ನಿಯಮ. 386 ಈ ವಿಷಯದಲ್ಲಿ ಉದಾರಿ, ಎಲ್ಲಿಟ್ಟರೂ ತೆಗೆದುಕೊಳ್ಳುತ್ತಿತ್ತು. ಉದಾರ ಯಂತ್ರದಲ್ಲಿ ಬೆಳೆದ ಬರಹಕ್ಕೆ ತನ್ನ ಅಶಿಸ್ತು ತಿಳಿಯುವುದೇ ಇಲ್ಲ. ಕಟ್ಟುನಿಟ್ಟಿನ ಯಂತ್ರ ಅದನ್ನು ಮೊದಲ ದಿನವೇ ಎತ್ತಿ ತೋರಿಸುತ್ತದೆ.

ಇನ್ನೊಂದು ವ್ಯತ್ಯಾಸವು ಆಲ್ಫಾದಲ್ಲಿ ಅಲ್ಲದಿದ್ದರೂ ಮುಂದೆ ಸ್ಪಾರ್ಕ್ ಮೊದಲಾದ ಸಂಸ್ಕಾರಕಗಳಲ್ಲಿ ಎದುರಾಯಿತು. ಅದು ಬರೆಯುವ ಕ್ರಮದ್ದು. ನಮ್ಮ ಹಳೆಯ ಶಾಸನಗಳಲ್ಲಿಯೂ ಗ್ರಂಥಗಳಲ್ಲಿಯೂ ಸಂಖ್ಯೆಗಳನ್ನು ಕೆಲವೊಮ್ಮೆ ಮಾತುಗಳಿಂದ ಸೂಚಿಸುತ್ತಿದ್ದರು. ಚಂದ್ರ ಎಂದರೆ ಒಂದು, ವೇದ ಎಂದರೆ ನಾಲ್ಕು. ಆ ಪದ್ಧತಿಯಲ್ಲಿ ಬಿಡಿಸ್ಥಾನವೇ ಮೊದಲು ಬರುವುದರಿಂದ 'ವೇದ ಚಂದ್ರ' ಎಂದರೆ 41 ಅಲ್ಲ, 14. ಈ ನಿಯಮವನ್ನು ಅರಿಯದವನು ಕಾಲನಿರ್ಣಯದಲ್ಲಿ ಎಡವುತ್ತಾನೆ. ದೊಡ್ಡ ಸಂಖ್ಯೆಯನ್ನು ನೆನಪಿನ ಕೋಶದಲ್ಲಿಡುವಾಗ 386 ಮತ್ತು ಆಲ್ಫಾ ಕಿರಿಯ ಭಾಗವನ್ನು ಮೊದಲು ಇಡುತ್ತವೆ. ಸ್ಪಾರ್ಕ್ ಹಿರಿಯ ಭಾಗವನ್ನು ಮೊದಲು ಇಡುತ್ತದೆ. ಒಂದು ಯಂತ್ರ ಬರೆದದ್ದನ್ನು ಮತ್ತೊಂದು ಓದಬೇಕಾದಾಗ ಯಾವ ಕ್ರಮವೆಂದು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಅನರ್ಥವಾಗುತ್ತದೆ.

ಇಂಥ ತೊಡಕುಗಳನ್ನು ನಿವಾರಿಸಲು ಎರಡು ದಾರಿಗಳಿದ್ದವು. ಮೂಲಪಾಠದ ಒಂದು ಪ್ರತಿ ತೆಗೆದುಕೊಂಡು, ಹೊಸ ಯಂತ್ರಕ್ಕೆ ಬೇಕಾದಂತೆ ತಿದ್ದಿಕೊಳ್ಳುವುದು ಒಂದು. ಮೊಟೊರೋಲ ಸಂಸ್ಥೆಯ 68000 ಕುಲದ ಸಂಸ್ಕಾರಕಗಳಿಗೆ ಲಿನಕ್ಸನ್ನು ಮೊದಲು ಒಯ್ದವರು ಅನುಸರಿಸಿದ್ದು ಈ ದಾರಿಯನ್ನು. ಇದು ಬೇಗ ಫಲ ಕೊಡುತ್ತದೆ. ಆದರೆ ಅಂದಿನಿಂದ ಎರಡು ಪ್ರತಿಗಳು ಬೇರೆ ಬೇರೆಯಾಗಿ ಬೆಳೆಯತೊಡಗುತ್ತವೆ. ಒಂದರಲ್ಲಿ ತಿದ್ದಿದ ದೋಷ ಇನ್ನೊಂದರಲ್ಲಿ ಉಳಿಯುತ್ತದೆ. ಟೋರ್ವಾಲ್ಡ್ಸ್ ಆಲ್ಫಾಕ್ಕಾಗಿ ಆರಿಸಿಕೊಂಡದ್ದು ಎರಡನೆಯ ದಾರಿ. ಪ್ರತಿ ಒಂದೇ ಇರಬೇಕು; ಅದರೊಳಗೆ ಎಲ್ಲ ಯಂತ್ರಗಳಿಗೂ ಸಮಾನವಾದುದನ್ನು ಒಂದು ಕಡೆ, ಒಂದೊಂದು ಯಂತ್ರಕ್ಕೆ ವಿಶಿಷ್ಟವಾದುದನ್ನು ಮತ್ತೊಂದು ಕಡೆ ಬೇರ್ಪಡಿಸಿ ಇಡಬೇಕು. ಇದಕ್ಕಾಗಿ ಅವರು ಕರ್ನೆಲ್ಲಿನ ಬಹುಭಾಗವನ್ನು ಮತ್ತೆ ಒಪ್ಪಗೊಳಿಸಬೇಕಾಯಿತು.

ಹೀಗೆ ಬೇರ್ಪಡಿಸುವುದರಲ್ಲಿ ಎಂಥ ಜಾಣ್ಮೆ ಬೇಕೆಂಬುದಕ್ಕೆ ಒಂದು ಉದಾಹರಣೆ ಸಾಕು. ಪುಟಗಳ ವಿಳಾಸವನ್ನು ಹುಡುಕಲು ಸಂಸ್ಕಾರಕವು ಕೋಷ್ಟಕಗಳನ್ನು ನೋಡುತ್ತದೆ. 386ರಲ್ಲಿ ಈ ಹುಡುಕಾಟಕ್ಕೆ ಎರಡು ಮೆಟ್ಟಿಲು, ಆಲ್ಫಾದಲ್ಲಿ ಮೂರು. ಟೋರ್ವಾಲ್ಡ್ಸ್ ಸಾಮಾನ್ಯ ಭಾಗವನ್ನು ಮೂರು ಮೆಟ್ಟಿಲುಗಳಿಗೆ ಹೊಂದುವಂತೆ ಬರೆದರು. ಜಿಲ್ಲೆ, ತಾಲ್ಲೂಕು, ಹಳ್ಳಿ ಎಂಬ ಮೂರು ಅಂಕಣಗಳ ನಮೂನೆಯನ್ನು ತಾಲ್ಲೂಕುಗಳಿಲ್ಲದ ಪ್ರಾಂತ್ಯಕ್ಕೆ ಕಳುಹಿಸಿದರೆ ಅಲ್ಲಿನವರು ನಡುವಿನ ಅಂಕಣವನ್ನು ಹಾಗೆಯೇ ದಾಟಿಹೋಗುತ್ತಾರಲ್ಲವೆ? 386ರಲ್ಲಿಯೂ ನಡುವಿನ ಮೆಟ್ಟಿಲು ಹಾಗೆಯೇ ಮಡಿಸಿಹೋಗುವಂತೆ ಏರ್ಪಡಿಸಿದರು. ಇದರಿಂದ ಹಳೆಯ ಯಂತ್ರದ ವೇಗಕ್ಕೆ ಕುಂದು ಬರಲಿಲ್ಲ. ಹೊಸ ಯಂತ್ರಕ್ಕೆ ಬೇಕಾದುದೂ ದೊರೆಯಿತು. ಇಂದಿಗೂ ಲಿನಕ್ಸಿನ ಮೂಲಪಾಠದಲ್ಲಿ ಯಂತ್ರವಿಶಿಷ್ಟ ಭಾಗಗಳಿಗಾಗಿಯೇ ಪ್ರತ್ಯೇಕ ವಿಭಾಗವುಂಟು. ಅದರಲ್ಲಿ ಒಂದೊಂದು ವಿನ್ಯಾಸಕ್ಕೂ ಒಂದೊಂದು ಕೋಣೆ. ಹೊಸ ಸಂಸ್ಕಾರಕ ಬಂದರೆ ಹೊಸ ಕೋಣೆಯೊಂದನ್ನು ಕಟ್ಟಿದರಾಯಿತು, ಮನೆಯನ್ನು ಕೆಡವಬೇಕಾದುದಿಲ್ಲ.

ಆ ಕೋಣೆ ಕಟ್ಟುವ ಕೆಲಸವಾದರೂ ಸುಲಭವಲ್ಲ. ಹೊಸ ಯಂತ್ರದಲ್ಲಿ ಇನ್ನೂ ಏನೂ ನಡೆಯುವುದಿಲ್ಲವಾದ್ದರಿಂದ, ಹಳೆಯ ಯಂತ್ರದ ಮುಂದೆ ಕುಳಿತು, ಹೊಸ ಸಂಸ್ಕಾರಕದ ಆಜ್ಞೆಗಳನ್ನು ಸಿದ್ಧಪಡಿಸಿಕೊಡುವ ಕಂಪೈಲರಿನಿಂದ ಕರ್ನೆಲನ್ನು ತಯಾರಿಸಬೇಕು. ಮೊದಲ ಗುರಿ ಬಹಳ ಚಿಕ್ಕದು: ತಂತಿಯ ಮೂಲಕ ಒಂದೇ ಒಂದು ಅಕ್ಷರ ಹೊರಬಂದರೆ ಸಾಕು. ಅದೂ ಬಾರದಿದ್ದರೆ ಯಂತ್ರ ಮೌನವಾಗಿ ನಿಂತಿರುತ್ತದೆ. ತಪ್ಪು ಎಲ್ಲಿದೆ ಎಂದು ಹೇಳಲು ಅದಕ್ಕೆ ಬಾಯಿಲ್ಲ. ಅನಂತರ ಪುಟಗಳ ಕೋಷ್ಟಕಗಳನ್ನು ನಿಲ್ಲಿಸಬೇಕು; ಗಡಿಯಾರದ ಮಿಡಿತವನ್ನು ಕರ್ನೆಲ್ ಕೇಳುವಂತೆ ಮಾಡಬೇಕು; ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವಾಗ ಸಂಸ್ಕಾರಕದ ಒಳಗಿನ ಸಂಖ್ಯೆಗಳನ್ನೆಲ್ಲ ಜೋಪಾನವಾಗಿ ಎತ್ತಿಡಬೇಕು. ಇವೆಲ್ಲ ಸರಿಹೋದ ಮೇಲೆ ಮೊದಲ ತಂತ್ರಾಂಶವು ಕರ್ನೆಲ್ಲಿನ ಆಶ್ರಯದಲ್ಲಿ ನಡೆದು, ಪರದೆಯ ಮೇಲೆ ಆಜ್ಞೆಗಾಗಿ ಕಾಯುವ ಗುರುತು ಮೂಡುತ್ತದೆ. ತಿಂಗಳುಗಳ ಶ್ರಮಕ್ಕೆ ಪ್ರತಿಫಲ ಆ ಒಂದು ಗುರುತು.

1995ರ ಮಾರ್ಚ್ ತಿಂಗಳಲ್ಲಿ ಹೊರಬಂದ ಲಿನಕ್ಸಿನ 1.2ನೆಯ ಆವೃತ್ತಿಯಲ್ಲಿ ಆಲ್ಫಾ, ಸ್ಪಾರ್ಕ್, ಮಿಪ್ಸ್ ಎಂಬ ವಿನ್ಯಾಸಗಳಿಗೂ ಸ್ಥಾನ ದೊರೆಯಿತು. ಒಂದೇ ಯಂತ್ರದ ಕೂಸಾಗಿದ್ದುದು ಹಲವು ಯಂತ್ರಗಳ ಸೊತ್ತಾಯಿತು.

ಇದು ಒಬ್ಬರ ಸಾಹಸದಿಂದ ಮಾತ್ರ ಆದುದಲ್ಲ. 1992ರಿಂದ ಲಿನಕ್ಸ್ ಮುಕ್ತ ತಂತ್ರಾಂಶವಾಗಿತ್ತು. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚುವವರು ತಮ್ಮ ತಿದ್ದುಪಾಟನ್ನೂ ಅದೇ ರೀತಿ ಮುಕ್ತವಾಗಿಡಬೇಕೆಂಬುದಷ್ಟೇ ಕಟ್ಟಳೆ. ಲಿನಕ್ಸಿಗೆ ಆಧಾರವಾದ ಕಂಪೈಲರ್ ಕೂಡ, ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಹೊರತಂದ, ಹಲವು ಸಂಸ್ಕಾರಕಗಳನ್ನು ಬಲ್ಲ ಮುಕ್ತ ತಂತ್ರಾಂಶವೇ. ಮುಚ್ಚಿಟ್ಟ ತಂತ್ರಾಂಶವನ್ನು ಅದರ ಒಡೆಯನು ಮನಸ್ಸುಮಾಡಿದರೆ ಮಾತ್ರ ಬೇರೆ ಯಂತ್ರಕ್ಕೆ ಒಯ್ಯಬಹುದು. ಮುಕ್ತ ತಂತ್ರಾಂಶವನ್ನು, ಅಗತ್ಯವುಳ್ಳ ಯಾರೇ ಆಗಲಿ, ಅಪ್ಪಣೆಗೆ ಕಾಯದೆ ಒಯ್ಯಬಹುದು. ಇಂಗ್ಲೆಂಡಿನ ರಸೆಲ್ ಕಿಂಗ್ 1990ರ ದಶಕದ ಮಧ್ಯದಲ್ಲಿ ಅದನ್ನು ಆರ್ಮ್ ಎಂಬ ವಿನ್ಯಾಸಕ್ಕೆ ಒಯ್ದರು. ಅಂದು ಹೆಚ್ಚು ಜನ ಗಮನಿಸದಿದ್ದ ಆ ಕೆಲಸದ ಫಲವನ್ನು ಇಂದು ಆಂಡ್ರಾಯ್ಡ್ ದೂರವಾಣಿಗಳನ್ನು ಹಿಡಿದ ಕೋಟ್ಯಂತರ ಜನ ಉಣ್ಣುತ್ತಿದ್ದಾರೆ.

ನಮ್ಮ ನಾಡಿಗೂ ಈ ಫಲ ದೊರೆತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಎಂಬ ಸಂಸ್ಥೆಯ ತಂತ್ರಜ್ಞರೂ ಕೂಡಿ, ಸಾಮಾನ್ಯ ಜನರಿಗಾಗಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕಯಂತ್ರವನ್ನು ರೂಪಿಸಿ 2001ರಲ್ಲಿ ಜನರ ಮುಂದಿಟ್ಟರು. ಅದರೊಳಗೆ ಆರ್ಮ್ ಕುಲದ ಸಂಸ್ಕಾರಕವೂ ಅದರ ಮೇಲೆ ಲಿನಕ್ಸೂ ಇದ್ದವು. ಆ ಯಂತ್ರ ನಿರೀಕ್ಷಿಸಿದಷ್ಟು ಹರಡಲಿಲ್ಲ. ಆದರೆ ಒಂದು ಸಣ್ಣ ತಂಡವು ಕಾರ್ಯನಿರ್ವಹಣ ವ್ಯವಸ್ಥೆಯನ್ನು ಮೊದಲಿನಿಂದ ಬರೆಯದೆಯೇ ತನ್ನ ಯಂತ್ರವನ್ನು ಕಟ್ಟಬಲ್ಲದೆಂಬುದನ್ನು ಅದು ತೋರಿಸಿಕೊಟ್ಟಿತು. ಮುಂದೆ ರಿಸ್ಕ್-ಫೈವ್ ಎಂಬ ವಿನ್ಯಾಸ ಬಂದಿತು. 2010ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಆರಂಭವಾದ ಇದರಲ್ಲಿ ಸಂಸ್ಕಾರಕದ ಆಜ್ಞೆಗಳ ಪಟ್ಟಿಯೇ ಎಲ್ಲರಿಗೂ ಮುಕ್ತವಾಗಿದೆ. 2018ರ ಜನವರಿಯಲ್ಲಿ ಲಿನಕ್ಸಿನ ಮುಖ್ಯ ಪಾಠದಲ್ಲಿ ಅದಕ್ಕೂ ಒಂದು ಕೋಣೆ ಸಿದ್ಧವಾಯಿತು. ಅದೇ ವರ್ಷ ಮದರಾಸಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯವರು ಈ ವಿನ್ಯಾಸದಂತೆ ತಾವೇ ರೂಪಿಸಿದ 'ಶಕ್ತಿ' ಸಂಸ್ಕಾರಕದ ಮೇಲೆ ಲಿನಕ್ಸನ್ನು ನಡೆಸಿದರು. ಸಂಸ್ಕಾರಕ ನಮ್ಮದಾದರೂ ಅದನ್ನು ಆಳುವ ತಂತ್ರಾಂಶ ಪರಾಧೀನವಾಗಿದ್ದರೆ ಸ್ವಾವಲಂಬನೆ ಅರ್ಧವೇ ಸರಿ. ಆ ಇನ್ನರ್ಧವನ್ನು ತುಂಬಿಕೊಟ್ಟದ್ದು ಲೋಕದ ಅನೇಕರು ಕೂಡಿ ಬೆಳೆಸಿದ ಈ ಮುಕ್ತ ಸಂಪತ್ತು.

ಇಷ್ಟರಲ್ಲಿ ಯಂತ್ರಗಳ ಗತಿ ಏನಾಯಿತು? ಲಿನಕ್ಸಿಗೆ ಎರಡನೆಯ ಮನೆಯನ್ನು ಕೊಟ್ಟ ಡಿಜಿಟಲ್ ಸಂಸ್ಥೆಯು 1998ರಲ್ಲಿ ಬೇರೊಂದು ಸಂಸ್ಥೆಯಲ್ಲಿ ಲೀನವಾಯಿತು. ಆಲ್ಫಾ ಯಂತ್ರಗಳ ಮಾರಾಟವೂ ಕಾಲಕ್ರಮದಲ್ಲಿ ನಿಂತಿತು. ಮೊದಲ ಮನೆಯಾದ 386 ಸಂಸ್ಕಾರಕವೂ ಹಳತಾಯಿತು. ಅದಕ್ಕಾಗಿ ಉಳಿಸಿಕೊಂಡಿದ್ದ ಭಾಗಗಳು ಇತರ ಯಂತ್ರಗಳಿಗೆ ಹೊರೆಯಾದುದರಿಂದ, 2013ರ ಫೆಬ್ರವರಿಯಲ್ಲಿ ಹೊರಬಂದ 3.8ನೆಯ ಆವೃತ್ತಿಯಿಂದ ಅವುಗಳನ್ನು ತೆಗೆದುಹಾಕಿದರು. ಹುಟ್ಟಿದ ಯಂತ್ರದ ಮೇಲೆಯೇ ಲಿನಕ್ಸಿನ ಹೊಸ ಆವೃತ್ತಿ ನಡೆಯದಂತಾಯಿತು. ಅದನ್ನು ಒಪ್ಪಿಕೊಳ್ಳುವಾಗ ಟೋರ್ವಾಲ್ಡ್ಸ್ ಮರುಗಲಿಲ್ಲ. 2017ರ ನವೆಂಬರಿನಲ್ಲಿ ಪ್ರಕಟವಾದ, ಪ್ರಪಂಚದ ಅತಿವೇಗದ ಐನೂರು ಗಣಕಯಂತ್ರಗಳ ಪಟ್ಟಿಯಲ್ಲಿ ಐನೂರೂ ಲಿನಕ್ಸಿನಿಂದಲೇ ನಡೆಯುತ್ತಿದ್ದವು.

ಯಂತ್ರಕ್ಕೆ ಆಯುಸ್ಸು ಚಿಕ್ಕದು. ಅದರಲ್ಲಿ ತೊಡಗಿಸಿದ ಮನುಷ್ಯನ ಬುದ್ಧಿಯೂ ಅಲ್ಪಾಯುವಾಗಬೇಕೆಂದಿಲ್ಲ. ಆದರೆ ಅದು ಉಳಿಯಬೇಕಾದರೆ ಎರಡು ಗುಣಗಳು ಬೇಕು. ಸಾರ್ವತ್ರಿಕವಾದುದು ಯಾವುದು, ಸ್ಥಳಕ್ಕೆ ಸೀಮಿತವಾದುದು ಯಾವುದು ಎಂದು ಬೇರ್ಪಡಿಸಿ ತಿಳಿಯುವ ವಿವೇಕ ಒಂದು. ತಾನು ಕಟ್ಟಿದುದನ್ನು ಇತರರು ಕೈಗೆತ್ತಿಕೊಂಡು ಮುಂದಕ್ಕೆ ಒಯ್ಯಲು ಬಿಡುವ ಔದಾರ್ಯ ಇನ್ನೊಂದು. ಮೊದಲನೆಯದು ಲಿನಕ್ಸನ್ನು ಸ್ಥಳಾಂತರಕ್ಕೆ ಯೋಗ್ಯವನ್ನಾಗಿ ಮಾಡಿತು. ಎರಡನೆಯದು ಅದನ್ನು ಒಯ್ಯುವ ಕೈಗಳನ್ನು ಲೋಕದಾದ್ಯಂತ ದೊರಕಿಸಿಕೊಟ್ಟಿತು. ಮುಂದೆ ಇನ್ನಾವ ಬಗೆಯ ಸಂಸ್ಕಾರಕಗಳು ಹುಟ್ಟುವುವೋ ಹೇಳಬಲ್ಲವರಿಲ್ಲ. ಅಂಥದೊಂದು ಹುಟ್ಟಿದ ದಿನ, ಅದರ ಮುಂದೆ ಕುಳಿತು ಮೊದಲ ಅಕ್ಷರ ಮೂಡುವುದನ್ನು ಕಾಯುವ ತರುಣ ತರುಣಿಯರಲ್ಲಿ ಇಂದು ಈ ಪಾಠವನ್ನು ಓದುವವರೂ ಇರಬಹುದು. ಅವರಿಗೆ ಬೇಕಾದ ಮೂಲಪಾಠ ಈಗಾಗಲೇ ತೆರೆದಿಟ್ಟಿದೆ.